ಒದ್ದೆ ಬಟ್ಟೆ, ಮೂವತ್ತಮೂರು ಡಿಗ್ರಿ

ಏಪ್ರಿಲ್ 9, ಮಂಗಳವಾರ

ರೇಡಿಯೋ ಸತ್ತು ಇವತ್ತಿಗೆ ಹನ್ನೆರಡು ದಿನ. ನಾನು ಅತ್ತಿಲ್ಲ. ಅಳು ಬರಲಿಲ್ಲ, ಅಷ್ಟೆ. ಅವಳನ್ನು ಮಣ್ಣು ಮಾಡುವಾಗ ನಾನು ಯೋಚಿಸುತ್ತಿದ್ದದ್ದು ಚಪ್ಪಲಿ ಎಲ್ಲಿ ಬಿಟ್ಟೆ ಅಂತ.

ಕಾರ್ಮಿಕ ಸಂಘದ ಹಳೆ ನಡಾವಳಿ ಪುಸ್ತಕ ಅರ್ಧ ಖಾಲಿ ಉಳಿದಿತ್ತು. ಅದರಲ್ಲೇ ಬರೆಯುತ್ತಿದ್ದೇನೆ. ಹಿಂದಿನ ಪುಟಗಳಲ್ಲೆಲ್ಲ ನನ್ನದೇ ಅಕ್ಷರ. 'ಧಿಕ್ಕಾರ.' 'ಒಮ್ಮತದಿಂದ ತೀರ್ಮಾನಿಸಲಾಯಿತು.' 'ಕೊನೆಯ ಉಸಿರಿರುವವರೆಗೆ.' ಯಾರ ಕೊನೆಯ ಉಸಿರು ಅಂತ ಬರೆದಿಲ್ಲ.

ಇವತ್ತು ರೋಲರಿಗೆ ಹೊಸಬಳೊಬ್ಬಳನ್ನು ಹಾಕಿದರು. ಏಳು ಆಸ್ಪತ್ರೆಗಳ ಬೆಡ್‌ಶೀಟು ನಮ್ಮ ಲಾಂಡ್ರಿಗೆ ಬರುತ್ತದೆ. ಹುಟ್ಟಿದವರದ್ದೂ ಸತ್ತವರದ್ದೂ ಒಂದೇ ಅಳತೆ. ಒಗೆದು ಬಂದ ಒದ್ದೆ ಶೀಟನ್ನು ಇಬ್ಬರು ಹಿಡಿದು, ಒಟ್ಟಿಗೆ ಕೊಡವಿ, ಒಟ್ಟಿಗೆ ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಅರ್ಧ ಉಸಿರು ಹೆಚ್ಚುಕಮ್ಮಿಯಾದರೆ ಶೀಟು ಸೊಟ್ಟ. ಹನ್ನೊಂದು ವರ್ಷ ನಾನು ಬಲತುದಿ, ರೇಡಿಯೋ ಎಡತುದಿ. ಬಾಯ್ಲರಿನ ಸದ್ದನ್ನೂ ಮೀರಿಸಿ ದಿನವಿಡೀ ವಟವಟ ಅನ್ನುತ್ತಿದ್ದಳು ಅಂತಲೇ ಆ ಹೆಸರು. ಈಗ ಬಾಯ್ಲರಿನ ಸದ್ದು ಸರಿಯಾಗಿ ಕೇಳುತ್ತದೆ.

ಹೊಸಬಳು ಗೋಡೆ ನೋಡಿ ಕೇಳಿದಳು, "ಅಕ್ಕಾ, ಥರ್ಮಾಮೀಟರಿಗೆ ಯಾಕೆ ಬಟ್ಟೆ ಸುತ್ತಿದ್ದೀರಿ?"

"ಅದಕ್ಕೆ ಚಳಿಯಾಗುತ್ತೆ" ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ.

ಏಪ್ರಿಲ್ 11, ಗುರುವಾರ

ಬರೆದೇ ಬಿಡುತ್ತೇನೆ. ಯಾರೂ ಓದುವುದಿಲ್ಲ.

ಒಳಗಿನ ಬಿಸಿ ಮೂವತ್ತೆಂಟು ಡಿಗ್ರಿ ದಾಟಿದರೆ ಗಂಟೆಗೆ ಹದಿನೈದು ನಿಮಿಷ ಯಂತ್ರ ನಿಲ್ಲಬೇಕು, ಕೆಲಸದವರು ಕೂರಬೇಕು, ನೀರು ಕುಡಿಯಬೇಕು. ಈ ನಿಯಮಕ್ಕಾಗಿ ಒಂಬತ್ತು ದಿನ ಗೇಟಿನ ಮುಂದೆ ಬಿದ್ದುಕೊಂಡವಳು ನಾನು. 'ಗುಡುಗು' ಅಂತ ನನ್ನನ್ನು ಕರೆದದ್ದು ಆಗಲೇ. ಗೆದ್ದೆವು. ಗೆದ್ದ ಮೇಲೆ ಗೊತ್ತಾಯಿತು, ಯಂತ್ರ ನಿಂತರೂ ಶೀಟು ನಿಲ್ಲುವುದಿಲ್ಲ. ಅವತ್ತಿನ ಶೀಟು ಅವತ್ತೇ ಮುಗಿಯಬೇಕು. ಕೂತಷ್ಟು ಹೊತ್ತೂ ಸಂಜೆಗೆ ಸೇರಿಕೊಳ್ಳುತ್ತದೆ. ಆರರ ಬಸ್ಸು ತಪ್ಪಿದರೆ ಮುಂದಿನದು ಎಂಟಕ್ಕೆ. ಮಾಲೀಕ ನಿಯಮ ಮುರಿಯಲಿಲ್ಲ. ಮುರಿಯುವ ಕೆಲಸವನ್ನು ನಮಗೇ ಬಿಟ್ಟ.

ಒಂದು ದಿನ ನಾನೇ ಕೈಬಟ್ಟೆ ಒದ್ದೆ ಮಾಡಿ ಥರ್ಮಾಮೀಟರಿನ ಬುಡಕ್ಕೆ ಸುತ್ತಿದೆ. ಅದಿದ್ದದ್ದು ಫ್ಯಾನಿನ ಎದುರಿನ ಗೋಡೆಯಲ್ಲಿ. ನೋಡನೋಡುತ್ತ ಎಂಟು ಡಿಗ್ರಿ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆರಕ್ಕೆ ಬಸ್ಸು ಹತ್ತಿದೆವು.

ಅಲ್ಲಿಂದ ನಾಲ್ಕು ಬೇಸಿಗೆ. ದಿನಾ ಹನ್ನೊಂದಕ್ಕೆ ಬಟ್ಟೆ ಒದ್ದೆ ಮಾಡುವವಳು ನಾನು. ಸೂಪರ್‌ವೈಸರ್ ಬರುತ್ತಾನೆ, ಓದುತ್ತಾನೆ, ರಿಜಿಸ್ಟರಿಗೆ ಬರೆಯುತ್ತಾನೆ, ಸಹಿ ಹಾಕುತ್ತಾನೆ. ಮಾರುದ್ದ ಬಟ್ಟೆ ಅವನ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಬೇಸಿಗೆಯೂ ಹೋದ ಬೇಸಿಗೆಗಿಂತ ಬಿಸಿ. ಪ್ರತಿ ಬೇಸಿಗೆಯೂ ನಮ್ಮ ಬಟ್ಟೆ ಇನ್ನಷ್ಟು ಒದ್ದೆ.

ರೇಡಿಯೋ ರೋಲರಿನ ಮುಂದೆ ಬಿದ್ದ ದಿನ ರಿಜಿಸ್ಟರಿನಲ್ಲಿ ಮೂವತ್ತಮೂರು. ಸಾವಿನ ಕಾಗದದಲ್ಲಿ, ಹೃದಯ ನಿಂತದ್ದರಿಂದ. ಹೃದಯ ನಿಲ್ಲದೆ ಯಾವಳು ಸತ್ತಿದ್ದಾಳೆ?

ಏಪ್ರಿಲ್ 15, ಸೋಮವಾರ

ಕೆಲಸ ಮುಗಿಸಿ ಬಂದರೆ ಬಾಗಿಲ ಮೆಟ್ಟಿಲ ಮೇಲೆ ತಂಗಿ ಕೂತಿದ್ದಳು. ಬೋಳು ತಲೆ, ಒಂದು ಚೀಲ, ಒಂದು ಪಾತ್ರೆ. ಭಿಕ್ಷುಣಿಯಾಗುತ್ತೇನೆ ಅಂತ ಮನೆ ಬಿಟ್ಟು ಹೋಗಿ ಇಪ್ಪತ್ತೆರಡು ವರ್ಷ. ಅಮ್ಮ ಸತ್ತಾಗಲೂ ಎರಡು ದಿನ ತಡವಾಗಿ ಬಂದವಳು.

"ಏನು, ನಿರ್ವಾಣ ಸಿಕ್ತಾ?" ಅಂದೆ.

"ಒರತೆ ಬತ್ತಿ ಹೋಯ್ತು ಅಕ್ಕ. ಬೆಟ್ಟದ ಮೇಲೆ ನೀರಿಲ್ಲ. ಏಳು ಜನ ಏಳು ದಿಕ್ಕಿಗೆ ಹೋದ್ವಿ. ಮಳೆ ಬೀಳೋವರೆಗೂ ಇರ್ಲಾ?"

"ಇರು. ಮಂಚ ಒಂದೇ ಇರೋದು."

"ನೆಲ ಇದೆಯಲ್ಲ."

ಮಧ್ಯಾಹ್ನದ ನಂತರ ಊಟ ಮಾಡುವುದಿಲ್ಲವಂತೆ. ಮಾಡಿದ್ದನ್ನು ನಾನೊಬ್ಬಳೇ ತಿಂದೆ. ರುಚಿ ತಿಳಿಯಲಿಲ್ಲ. ಉಪ್ಪು ಹಾಕಿರಲಿಲ್ಲ ಅಂತ ಪಾತ್ರೆ ತೊಳೆಯುವಾಗ ನೆನಪಾಯಿತು.

ಏಪ್ರಿಲ್ 18, ಗುರುವಾರ

ರೇಡಿಯೋ ಮಗಳು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ್ದಾಳೆ. ಅಮ್ಮನಿಗೆ ಹೃದಯದ ಕಾಯಿಲೆ ಇರಲಿಲ್ಲ, ಸಾವಿನ ಕಾರಣ ಮತ್ತೊಮ್ಮೆ ನೋಡಿ ಅಂತ. ಇಪ್ಪತ್ತೊಂಬತ್ತಕ್ಕೆ ವಿಚಾರಣೆ. ಸಾಕ್ಷಿಯಾಗಿ ನನ್ನ ಹೆಸರು.

ಸಂಘದ ಕಾರ್ಯದರ್ಶಿ ಊಟದ ಹೊತ್ತಿಗೇ ಓಡಿ ಬಂದ. "ಗುಡುಗಕ್ಕ, ಬಟ್ಟೆ ವಿಷಯ ಮಾತ್ರ ಬಾಯಿ ಬಿಡಬೇಡ. ಗಾಳಿಯಿಲ್ಲ, ಕಿಟಕಿಯಿಲ್ಲ, ಬಾಯ್ಲರ್ ಹಳೇದು, ಅಷ್ಟೇ ಹೇಳು. ಬಟ್ಟೆ ಸುತ್ತಿದ್ದು ನೀವೇ ಅಂತ ಗೊತ್ತಾದ್ರೆ ಮುಗೀತು. ಶತ್ರು ಕೈಗೆ ಬಡಿಗೆ ನಾವೇ ಕೊಟ್ಟ ಹಾಗೆ."

"ಸರಿ" ಅಂದೆ.

"ಸಿಟ್ಟಿನಿಂದ ಹೇಳು. ನಿನ್ನ ಹಳೇ ಗಂಟಲು ಬೇಕು ನಮಗೆ."

"ಸರಿ."

ಸಂಜೆ ಗೇಟಿನ ಹತ್ತಿರ ಮಗಳು ಕಾಯುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವಳಿಗೆ. ಎದುರಿನವರ ಕಣ್ಣನ್ನು ನೆಟ್ಟಗೆ ನೋಡುವುದು ಅಭ್ಯಾಸವಾಗಿದೆ.

"ದೊಡ್ಡಮ್ಮ, ನೀವು ಪಕ್ಕದಲ್ಲೇ ಇದ್ರಿ. ಬೀಳೋ ಮುಂಚೆ ಅಮ್ಮ ಏನಾದ್ರೂ ಹೇಳಿದ್ಲಾ?"

"ಏನೂ ಹೇಳಲಿಲ್ಲ ಕಣಮ್ಮ."

ಬಾಯಿ ಮುಚ್ಚದ ಹೆಂಗಸು ಏನೂ ಹೇಳಲಿಲ್ಲ ಅಂದೆ. ಈ ಪುಸ್ತಕದಲ್ಲೂ ಅದೇ ಇರಲಿ. ಏನೂ ಹೇಳಲಿಲ್ಲ.

ಏಪ್ರಿಲ್ 20, ಶನಿವಾರ

ಶೀಟು. ಶೀಟು. ಬಸ್ಸು.

ಏಪ್ರಿಲ್ 21, ಭಾನುವಾರ

ತಂಗಿಯ ಜೊತೆ ಜಗಳ. ಜಗಳ ಅಂದರೆ ನಾನೊಬ್ಬಳೇ ಆಡಿದ್ದು.

ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಇವಳು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಕೂತಿದ್ದಳು. ನೋಡಿ ನೋಡಿ ಸಾಕಾಯಿತು.

"ನೀನು ಕೂತ್ಕೊಂಡ್ರೆ ಬಿಸಿಲು ಇಳಿಯುತ್ತಾ?"

"ಇಲ್ಲ."

"ಮತ್ತೆ?"

"ನಾನು ಓಡಾಡಿದ್ರೂ ಇಳಿಯಲ್ಲ ಅಕ್ಕ. ಆದ್ರೆ ಕೂತಾಗ ಬಿಸಿ ಬಿಸಿಯೇ ಅಂತ ಗೊತ್ತಾಗುತ್ತೆ. ಎದ್ದು ಓಡಾಡ್ತಿದ್ರೆ ಏನಾದ್ರೂ ಒಂದು ನೆಪ ಸಿಗುತ್ತೆ."

ಬಾಯಿಗೆ ಬಂದದ್ದೆಲ್ಲ ಅಂದೆ. ಲೋಕ ಉರಿಸಿದವರು ಹೊಗೆ ಕಾಣದ ಜಾಗದಲ್ಲಿ ತಣ್ಣಗಿದ್ದಾರೆ, ಬೆಂದವರು ನಾವು. ನಿನ್ನ ಧರ್ಮ ಉರಿಸಿದವನಿಗೂ ಕರುಣೆ, ಬೆಂದವಳಿಗೂ ಕರುಣೆ ಅಂತ ಸಮನಾಗಿ ಹಂಚುತ್ತೆ. ನೂರು ಒಲೆ ಹಚ್ಚಿದವನೂ ಒಂದೇ ಒಲೆ ಹಚ್ಚಿದವಳೂ ಒಂದೇನಾ ನಿನ್ನ ತಕ್ಕಡೀಲಿ?

"ಒಂದಲ್ಲ" ಅಂದಳು. "ಯಾರು ಅಂದ್ರು ಒಂದೇ ಅಂತ? ನೂರು ಒಲೆಯವನ ಹತ್ರ ಹೋಗಿ ನೂರು ಅಂತಲೇ ಹೇಳ್ಬೇಕು. ಆದ್ರೆ ಇದು ಒಬ್ಬರಿಂದ ಆದದ್ದಲ್ಲ ಅಕ್ಕ. ಇದಿದ್ರೆ ಅದು, ಅದಿದ್ರೆ ಇನ್ನೊಂದು, ಕೊಂಡಿಗೆ ಕೊಂಡಿ. ಒಬ್ಬರಿಂದ ಆಗಿಲ್ಲ ಅಂದ ಕೂಡಲೇ ಯಾರಿಂದಲೂ ಆಗಿಲ್ಲ ಅನ್ನೋಕೆ ಎಲ್ಲರಿಗೂ ಸುಲಭ. ಕೈಗೆ ಸಿಗೋ ಕೊಂಡಿ ಯಾವುದು ಅಂತ ನೋಡ್ಬೇಕು."

"ಸಿಟ್ಟು ಬಿಡು ಅಂತೀಯ."

"ಇಲ್ಲಪ್ಪ. ನಿಜವಾಗಿ ಸಿಟ್ಟು ಇದೆಯಾ ನಿನಗೆ? ಸಿಟ್ಟಿದ್ದವರು ಉಪ್ಪಿಲ್ಲದ ಊಟ ಆರು ದಿನ ತಿನ್ನಲ್ಲ."

ತಟ್ಟೆ ಎತ್ತಿ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ತೊಳೆದಿಟ್ಟೆ.

ಏಪ್ರಿಲ್ 23, ಮಂಗಳವಾರ

ಹುಣ್ಣಿಮೆಯಂತೆ. ಇವಳ ಲೆಕ್ಕದಲ್ಲಿ ದೊಡ್ಡ ದಿನ.

ಸಂಜೆ ಬಂದವಳನ್ನು ಕೈಕಾಲು ತೊಳೆಯಲೂ ಬಿಡದೆ ಎದುರಿಗೆ ಕೂರಿಸಿಕೊಂಡಳು. ಹದಿನೈದು ದಿನಕ್ಕೊಮ್ಮೆ ಭಿಕ್ಷುಣಿಯರು ತಂತಮ್ಮ ತಪ್ಪನ್ನು ಇನ್ನೊಬ್ಬ ಭಿಕ್ಷುಣಿಗೆ ಹೇಳಬೇಕಂತೆ. ಹೇಳದೆ ಹುಣ್ಣಿಮೆ ದಾಟುವಂತಿಲ್ಲ. "ಇಲ್ಲಿ ಇನ್ನೊಬ್ಬರಿಲ್ಲ. ನೀನು ಕೇಳಿಸ್ಕೊಂಡ್ರೆ ನಿಯಮದ ಪ್ರಕಾರ ಲೆಕ್ಕಕ್ಕೆ ಬರಲ್ಲ. ಆದ್ರೂ ಕೇಳು."

"ಬಸ್ಸಲ್ಲಿ ನಿಂತು ಬಂದಿದ್ದೀನಿ. ಬೇಗ ಹೇಳು."

ಹೋದ ವರ್ಷ ದೂರದ ಒಂದು ದೊಡ್ಡ ಸಭೆಗೆ ಇವಳನ್ನು ಕರೆದಿದ್ದರಂತೆ. ಭೂಮಿ ಬಿಸಿಯಾಗುವುದರ ಬಗ್ಗೆ ಧರ್ಮ ಏನು ಹೇಳುತ್ತೆ ಅಂತ ಮಾತಾಡಲಿಕ್ಕೆ. ವಿಮಾನದಲ್ಲಿ ಹೋದಳು. ಸಭಾಂಗಣ ಎಷ್ಟು ತಣ್ಣಗಿತ್ತೆಂದರೆ ಬಂದವರಿಗೆಲ್ಲ ಶಾಲು ಕೊಟ್ಟರು. ಇವಳು ಶಾಲು ಹೊದ್ದುಕೊಂಡು ನಿಂತು, ಆಸೆಯೇ ಬೆಂಕಿ ಅಂದಳು. ಚಪ್ಪಾಳೆ ಬಿತ್ತು.

"ಹಿತವಾಯ್ತು ಅಕ್ಕ. ಆ ಹೊತ್ತಿಗೆ ಬೆಟ್ಟದಲ್ಲಿ ಉಳಿದ ಆರು ಜನ ಒರತೆ ನೀರನ್ನ ಲೋಟದಲ್ಲಿ ಅಳೆದು ಕುಡೀತಿದ್ರು. ನಮ್ಮ ಒರತೆ ಬತ್ತುತ್ತಿದೆ ಅಂತ ಅಲ್ಲಿ ಒಂದು ಮಾತೂ ಹೇಳಲಿಲ್ಲ. ನೀರಿಲ್ಲ ಅಂದ್ರೆ ಯಾರೂ ನಮ್ಮ ವಿಹಾರಕ್ಕೆ ಬರಲ್ಲ, ಮರ್ಯಾದೆ ಹೋಗುತ್ತೆ ಅಂತ. ಮುಚ್ಚಿಟ್ಟೆ."

ಮೇಜಿನ ಅಂಚು ಹಿಡಿದು ಕೂತೆ.

"ಈಗ ನೀನು 'ತಪ್ಪು ಕಾಣುತ್ತಾ?' ಅಂತ ಕೇಳ್ಬೇಕು."

"ಕಾಣುತ್ತಾ?"

"ಕಾಣುತ್ತೆ. 'ಮುಂದೆ ಎಚ್ಚರ' ಅನ್ನು."

"ಮುಂದೆ ಎಚ್ಚರ. ಆಮೇಲೆ?"

"ಮುಗೀತು."

"ಶಿಕ್ಷೆ?"

"ಇಂಥದಕ್ಕೆ ಇಲ್ಲ."

"ಕ್ಷಮೆ?"

"ಅದೂ ಇಲ್ಲ."

"ಮತ್ತೇನು ಮಣ್ಣು ಪ್ರಯೋಜನ? ನಮ್ಮ ಸೂಪರ್‌ವೈಸರೇ ಇದಕ್ಕಿಂತ ಚೆನ್ನಾಗಿ ವಿಚಾರಣೆ ಮಾಡ್ತಾನೆ."

ನಕ್ಕಳು. ಚಿಕ್ಕವಳಿದ್ದಾಗಿನ ಹಲ್ಲು, ಒಂದರ ಮೇಲೊಂದು. "ನಿನ್ನ ಕಿವಿಗೆ ಬಿತ್ತಲ್ಲ. ಇನ್ನು ನಾನೊಬ್ಬಳೇ ಮುಚ್ಚಿಡೋಕೆ ಆಗಲ್ಲ. ಮಳೆ ಬಿದ್ದ ಮೇಲೆ ಹೋದ್ರೆ ಮೊದಲು ಆ ಆರು ಜನಕ್ಕೆ ಹೇಳ್ಬೇಕು. ಸಭೆಯವರಿಗೂ ಬರೀಬೇಕು."

ನನಗೇನಾದರೂ ಹೇಳುವುದಿದೆಯಾ ಅಂತ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ. ಮಲಗುವ ಮುಂಚೆ ನೋಡಿದರೆ ಮೇಜಿನ ಅಂಚಿನ ಬಣ್ಣ ಒಂದು ಗೇಣು ಕಿತ್ತುಬಂದಿತ್ತು. ನನ್ನ ಉಗುರಿನ ಸಂದಿಯಲ್ಲಿ ಅದರ ಪುಡಿ.

ಏಪ್ರಿಲ್ 24, ಬುಧವಾರ

ಹನ್ನೊಂದಕ್ಕೆ ಬಟ್ಟೆ ಒದ್ದೆ ಮಾಡಲು ಮರೆತೆ. ಇನ್ನೊಬ್ಬಳು ಮಾಡಿದಳು. "ಗುಡುಗಕ್ಕನಿಗೆ ವಯಸ್ಸಾಯ್ತು" ಅಂದರು. ಆಗಿರಬೇಕು.

ಏಪ್ರಿಲ್ 29, ಸೋಮವಾರ

ಕಾರ್ಮಿಕ ಇಲಾಖೆಯ ಅಧಿಕಾರಿ ಒಬ್ಬ ಹೆಂಗಸು. ಜೋರು ನೆಗಡಿ. ಮೂಗು ಒರೆಸುತ್ತಲೇ ಕೇಳುತ್ತಿದ್ದರು. ಒಂದು ಕಡೆ ಮಾಲೀಕನ ವಕೀಲ, ಸೂಪರ್‌ವೈಸರ್, ರಿಜಿಸ್ಟರು. ಇನ್ನೊಂದು ಕಡೆ ಕಾರ್ಯದರ್ಶಿ, ನಾನು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಮಗಳು.

ವಕೀಲ ರಿಜಿಸ್ಟರು ತೆರೆದ. "ಆ ದಿನ ಮೂವತ್ತಮೂರು ಮೇಡಂ. ಇಡೀ ಬೇಸಿಗೆ ನೋಡಿ, ಒಂದು ದಿನವೂ ಮೂವತ್ತೈದು ಮುಟ್ಟಿಲ್ಲ. ಮೂವತ್ತೆಂಟರ ಮಾತೇ ಬರಲ್ಲ."

ನನ್ನ ಸರದಿ ಬಂತು. ಗಾಳಿಯಿಲ್ಲ, ಕಿಟಕಿಯಿಲ್ಲ, ಬಾಯ್ಲರ್ ಹಳೇದು. ಮೂರೂ ಬಾಯಿಪಾಠ ಆಗಿತ್ತು. ಎದ್ದು ನಿಂತೆ.

"ಥರ್ಮಾಮೀಟರಿಗೆ ಒದ್ದೆ ಬಟ್ಟೆ ಸುತ್ತಿದ್ದು ನಾನು" ಅಂದೆ. "ನಾಲ್ಕು ವರ್ಷದಿಂದ. ಬಸ್ಸು ಸಿಗಲಿ ಅಂತ. ಯಾರೂ ಹೇಳಿಕೊಟ್ಟಿಲ್ಲ. ಈ ಸೂಪರ್‌ವೈಸರ್ ದಿನಾ ನೋಡಿದ್ದಾರೆ, ನೋಡಿಯೂ ಬರೆದಿದ್ದಾರೆ."

ಕಾರ್ಯದರ್ಶಿ ನನ್ನ ತೋಳು ಹಿಡಿದು ಜಗ್ಗಿದ. ವಕೀಲನ ಮುಖ ಅರಳಿತು. "ಕೇಳಿದ್ರಲ್ಲ ಮೇಡಂ? ಇವರೇ ಮಾಡ್ಕೊಂಡಿದ್ದು!"

ಮೇಡಂ ಮೂಗು ಒರೆಸುವುದು ನಿಲ್ಲಿಸಿದರು. "ಬಟ್ಟೆ ಇಡೀ ದಿನ ಒದ್ದೆ ಇರ್ತಿತ್ತಾ?"

"ಆರಿದ ಹಾಗೆ ನೀರು ಹಾಕ್ತಿದ್ವಿ."

"ಗಾಳಿ ಬಡೀತಿತ್ತಾ?"

"ಫ್ಯಾನಿನ ಎದುರಿಗೇ."

ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡು ಪುಟ ತಿರುವಿದರು. ಬಹಳ ಹೊತ್ತು ತಿರುವಿದರು. ಆಮೇಲೆ ವಕೀಲನಿಗೆ ಹೇಳಿದರು. ಒದ್ದೆ ಬಟ್ಟೆ ಸುತ್ತಿ, ಗಾಳಿ ಬಡಿಸಿ ಅಳೆಯುವುದು ಒಂದು ಬೇರೆಯೇ ಅಳತೆಯಂತೆ. ಮೈಯ ಬೆವರು ಆರಿ ಮೈ ತಣ್ಣಗಾಗಲು ಸಾಧ್ಯವಾ ಇಲ್ಲವಾ ಅನ್ನುವುದನ್ನು ಅದು ಹೇಳುತ್ತದಂತೆ. ಅದು ಮೂವತ್ತು ದಾಟಿದರೆ ಮೈಮುರಿಯುವ ಕೆಲಸ ಮಾಡಿಸಬಾರದು. ಮೂವತ್ತೈದಾದರೆ ನೆರಳಲ್ಲಿ ಸುಮ್ಮನೆ ಕೂತ ಗಟ್ಟಿ ಮನುಷ್ಯನೂ ಉಳಿಯುವುದು ಕಷ್ಟ.

"ಮೂವತ್ತೆಂಟು ನಿಮ್ಮ ಒಣ ಥರ್ಮಾಮೀಟರಿನ ಗೆರೆ. ಇದು ಒದ್ದೆಯದ್ದು. ಒದ್ದೆಯಲ್ಲಿ ಮೂವತ್ತಮೂರು ಅಂದ್ರೆ ಒಳಗೆ ಏನಿತ್ತು ಅಂತ ಗೊತ್ತಾಯ್ತಾ? ನಾಲ್ಕು ಬೇಸಿಗೆ, ದಿನಾ ಬರೆದಿದ್ದೀರಿ. ಸಹಿ ಯಾರದು?"

ಸೂಪರ್‌ವೈಸರ್ ಕೈ ಎತ್ತಿದ, ಶಾಲೆಯಲ್ಲಿ ಎತ್ತುವ ಹಾಗೆ.

ಹೊರಗೆ ಬಂದ ಮೇಲೆ ಕಾರ್ಯದರ್ಶಿ ಕುಣಿಯುವುದೊಂದು ಬಾಕಿ. "ಅವರ ರಿಜಿಸ್ಟರೇ ಅವರ ಕೊರಳಿಗೆ! ಗುಡುಗಕ್ಕ, ಮೇ ಒಂದಕ್ಕೆ ನೀನೇ ಭಾಷಣ ಮಾಡ್ಬೇಕು."

ಖುಷಿಯಾಗಬೇಕಿತ್ತು. ಕಾಲು ನೋಯುತ್ತಿತ್ತು.

ಮೇ 1, ಬುಧವಾರ

ಭಾಷಣಕ್ಕೆ ಹೋಗಲಿಲ್ಲ. ತಂಗಿಯ ನಿಲುವಂಗಿ ಒಗೆದು ಹಾಕಿದೆ. ಏಳು ನಿಮಿಷಕ್ಕೆ ಒಣಗಿತು.

ಮೇ 3, ಶುಕ್ರವಾರ

ಇಲಾಖೆಯವರ ಎದುರಿಗೆ ನಿನ್ನೆ ಥರ್ಮಾಮೀಟರಿನ ಬಟ್ಟೆ ಬಿಚ್ಚಿದರು. ನಲವತ್ತೆರಡು. ಗಂಟೆಗೆ ಹದಿನೈದು ನಿಮಿಷ ಯಂತ್ರ ನಿಂತಿತು. ಬಸ್ಸು ತಪ್ಪಿತು. "ನಿನ್ನ ಸತ್ಯ ಹತ್ತಿಕೊಂಡು ಮನೆಗೆ ಹೋಗೋಣ್ವಾ ಗುಡುಗಕ್ಕ?" ಅಂತ ಜೊತೆಯವರು ಬೈದರು. ನ್ಯಾಯವಾಗಿಯೇ ಬೈದರು. ಹೊಸಬಳ ಮನೆಯಲ್ಲಿ ಹಾಲು ಕುಡಿಯುವ ಕೂಸಿದೆ.

ಇವತ್ತು ಐದೂ ಮುಕ್ಕಾಲಿಗೆ ಇನ್ನೂರು ಶೀಟು ಬಾಕಿ ಇತ್ತು. ಎಲ್ಲರೂ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆವು. ಸೂಪರ್‌ವೈಸರ್ ಬಾಗಿಲಿಗೆ ಅಡ್ಡ ನಿಂತ. ರೋಗಿಗಳು ಬರಿ ಹಾಸಿಗೆ ಮೇಲೆ ಮಲಗಬೇಕಾ ಅಂದ. ಅದಕ್ಕೆ ಇನ್ನೂ ನಾಲ್ಕು ಜನರನ್ನು ಕೆಲಸಕ್ಕೆ ತಗೋಬೇಕು, ನಮ್ಮನ್ನು ಬೇಯಿಸಬಾರದು ಅಂತ ಯಾರೋ ಕೂಗಿದರು. ಅವನು ಸರಿದ.

ಯಾರು ಕೂಗಿದ್ದು ಅಂತ ನೋಡಲಿಲ್ಲ. ಮನೆಗೆ ಬಂದಾಗಿನಿಂದ ಗಂಟಲು ಕೆರೆಯುತ್ತಿದೆ. ತಂಗಿ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟಳು. ಜಾಸ್ತಿ ಹಾಕಿದ್ದಾಳೆ, ಬಾಯಿಗಿಡಲಾಗಲಿಲ್ಲ.

ಮೇ 5, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಮಗಳು ಬಂದಳು. ಅಮ್ಮನ ಸಾವಿನ ಕಾಗದ ತಿದ್ದಿಸುತ್ತಾರಂತೆ. ಕಾರಣ, ಕೆಲಸದ ಜಾಗದ ಶಾಖ.

"ನಿಮ್ಮಿಂದ ಆಯ್ತು ದೊಡ್ಡಮ್ಮ. ಬೇರೆ ಯಾರಾಗಿದ್ರೂ ಬಾಯಿ ಬಿಡ್ತಿರಲಿಲ್ಲ. ಅಮ್ಮ ಇದ್ದಿದ್ರೆ ಊರಿಗೆಲ್ಲ ಹೇಳ್ಕೊಂಡು ಬರೋಳು." ಬಗ್ಗಿ ನನ್ನ ಕೈ ಹಿಡಿದುಕೊಂಡಳು.

ಆ ಕೈಯನ್ನು ತಡೆದುಕೊಳ್ಳಲಾಗಲಿಲ್ಲ. ಬಿಡಿಸಿಕೊಂಡೆ. "ಕೂತ್ಕೋ" ಅಂದೆ. ತಂಗಿ ಎದ್ದು ಹೊರಗೆ ಹೊರಟಳು. "ನೀನೂ ಇರು" ಅಂದೆ.

ಹೇಳಿದೆ. ಹೇಳಿದ್ದನ್ನೇ ಬರೆಯುತ್ತೇನೆ.

ನಾಲ್ಕೂಕಾಲು ಆಗಿತ್ತು. ಬೆವರು ನಿಂತು ಹೋಗಿದೆ ಕಣೇ, ಮೈ ಒಣಗಿ ಹಪ್ಪಳವಾಗಿದೆ ಅಂದಳು ರೇಡಿಯೋ. ಒಳ್ಳೇದಾಯ್ತು, ಶೀಟಿನ ಮೇಲೆ ತೊಟ್ಟಿಕ್ಕಲ್ಲ ಅಂದೆ. ನಕ್ಕಳು. ಇನ್ನೊಂದು ಹತ್ತು ಶೀಟು ಆದ ಮೇಲೆ, ಇವತ್ತು ಆ ಬಟ್ಟೆ ತೆಗಿಯೇ, ನಿಲ್ಲಿಸೋಣ, ಬಸ್ಸು ಹೋದ್ರೆ ಹಾಳಾಗಿ ಹೋಗ್ಲಿ ಅಂದಳು. ಇನ್ನು ಅರವತ್ತೇ ಇದೆ, ಸುಮ್ನೆ ಹಿಡಿಯೇ ಅಂದೆ. ಹಿಡಿದಳು. ಆಮೇಲೆ ಮಾತಾಡಲಿಲ್ಲ. ಅವಳು ಮಾತು ನಿಲ್ಲಿಸಿದ್ದು ನನಗೆ ಗೊತ್ತಾಗಬೇಕಿತ್ತು. ಕೆಲಸ ಬೇಗ ಸಾಗುತ್ತಿದೆ ಅಂದುಕೊಂಡೆ. ಎಡತುದಿ ಜಾರಿತು. ಶೀಟು ಸೊಟ್ಟ ಹೋಯಿತು. ಮೊದಲು ಬೈದೆ. ಆಮೇಲೆ ತಿರುಗಿ ನೋಡಿದೆ.

ಮಗಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. "ಏನೂ ಹೇಳಲಿಲ್ಲ ಅಂದಿದ್ರಿ."

"ಸುಳ್ಳು ಹೇಳಿದೆ."

ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ರಸ್ತೆಯಲ್ಲಿ ಒಂದು ನಾಯಿ ನಿಂತ ಲಾರಿಯ ನೆರಳಿಗೆ ನುಗ್ಗಿತ್ತು, ಲಾರಿ ಹೊರಟಿತು, ನಾಯಿ ಅಲ್ಲೇ ಉಳಿಯಿತು.

"ಒಂದು ತಿಂಗಳಿಂದ ನಾನು ಏನಂದ್ಕೊಂಡಿದ್ದೆ ಗೊತ್ತಾ?" ಅಂದಳು, ತಿರುಗದೆ. "ಅಮ್ಮನಿಗೆ ಗೊತ್ತೇ ಆಗಲಿಲ್ಲ ಅಂತ. ಎತ್ತಿನ ಹಾಗೆ ದುಡೀತಾ ದುಡೀತಾ ಬಿದ್ಲು ಅಂತ. ಅವಳಿಗೆ ಗೊತ್ತಿತ್ತು. ನಿಲ್ಲಿಸೋಣ ಅಂದಿದ್ಲು."

"ಎರಡು ಸಲ ಹೇಳಿದಳು."

"ಇದು ಎಲ್ಲಾದ್ರೂ ಬರೆದಿದ್ಯಾ?"

"ಇಲ್ಲ."

"ನಾಳೆ ರಜೆ ಹಾಕ್ತೀನಿ. ಇಲಾಖೆಗೆ ಬಂದು ಬರೆಸಿ." ಬಾಗಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದಳು, "ನಿಮ್ಮನ್ನ ಇನ್ನು ದೊಡ್ಡಮ್ಮ ಅಂತ ಕರೀತೀನೋ ಇಲ್ವೋ ಗೊತ್ತಿಲ್ಲ."

ಅವಳು ಹೋದಳು. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಈ ಬಿಸಿಲಲ್ಲಿ. ತಂಗಿ ಕಂಬಳಿ ತಂದು ಹೊದಿಸಿದಳು. ಮಧ್ಯಾಹ್ನದವರೆಗೂ ಯಾರೋ ಅಳುತ್ತಿದ್ದ ಸದ್ದು. ಪಕ್ಕದ ಮನೆಯವರಿಗೆ ಕೇಳಿಸಿರಬೇಕು, ಗೋಡೆ ತಟ್ಟಿದರು.

ಮೇ 6, ಸೋಮವಾರ

ಮೇಡಂಗೆ ನೆಗಡಿ ಇಳಿದಿದೆ. ನಾನು ಹೇಳಿದ್ದನ್ನು ಬರೆದುಕೊಂಡು ಓದಿದರು. 'ಯಂತ್ರವನ್ನು ಸ್ಥಗಿತಗೊಳಿಸುವಂತೆ ಮೃತಳು ಎರಡು ಬಾರಿ ಕೋರಿದ್ದು, ಸಾಕ್ಷಿಯು ನಿರಾಕರಿಸಿದ್ದಾಳೆ.'

"ಎರಡು ಸಲ ಹೇಳಿದ್ದು ಹೌದು" ಅಂದೆ. "ನಿಲ್ಲಿಸು ಅಂದದ್ದು ಎರಡನೇ ಸಲ. ಮೊದಲನೇ ಸಲ ಬೆವರು ನಿಂತಿದೆ ಅಂದಳು. ಅಷ್ಟಕ್ಕೇ ನನಗೆ ತಿಳೀಬೇಕಿತ್ತು. ಅದನ್ನೂ ಬರೀರಿ."

"'ಮೃತಳು' ಬೇಡ ಮೇಡಂ, ಹೆಸರು ಹಾಕಿ" ಅಂದಳು ಮಗಳು. "ನಮ್ಮಮ್ಮ ಯಾರನ್ನೂ ಏನೂ ಕೋರಿದವಳಲ್ಲ. ನಿಲ್ಲಿಸೋಣ ಅಂದ್ಲು. ಹಾಗೇ ಬರೀರಿ."

ಮೇಡಂ ಅವಳ ಮುಖ ನೋಡಿದರು. ಹೊಸ ಹಾಳೆ ತೆಗೆದುಕೊಂಡು ಮೊದಲಿಂದ ಬರೆದರು. ಹೆಸರು ಬರೆದರು. ಹಪ್ಪಳವನ್ನೂ ಬರೆದರು, ಹಾಳಾಗಿ ಹೋಗ್ಲಿ ಅನ್ನುವುದನ್ನೂ ಬರೆದರು. ನಾನು ಸಹಿ ಹಾಕಿದೆ.

"ಒಂದ್ಸಲ ಗಟ್ಟಿಯಾಗಿ ಓದ್ತೀರಾ?" ಅಂದಳು ಮಗಳು.

ಓದಿದರು. ತಲೆಯ ಮೇಲಿನ ಹಳೆ ಫ್ಯಾನಿನ ಗಡಗಡದಲ್ಲಿ ಕೊನೆಯ ಸಾಲು ಸರಿಯಾಗಿ ಕೇಳಲಿಲ್ಲ. ಮಗಳು ಎದ್ದು ಹೋಗಿ ಫ್ಯಾನ್ ನಿಲ್ಲಿಸಿದಳು. ಅದು ಪೂರ್ತಿ ನಿಲ್ಲುವವರೆಗೆ ಕಾದಳು.

"ಇನ್ನೊಂದ್ಸಲ" ಅಂದಳು.